ನೆರಳಾಗ ನಿಂತ ಗಾಡಿ

ವಿಜಯಪುರ ಜಿಲ್ಲೆಯ ನೆಲದಲ್ಲಿ ಅರಣ್ಯ ನೂರಕ್ಕೆ ಒಂದು ಪಾಲೂ ಇಲ್ಲ. ಹೀಗಾಗಿ ಭೂತನಾಳ ಕೆರೆಯ ಕಡೆ ಹತ್ತು ಗಿಡ ಒಟ್ಟಿಗೆ ನಿಂತದ್ದು ಕಂಡರೂ ನಮ್ಮ ಪಾಲಿಗೆ ಅದೇ ಮಲೆನಾಡು. ಭಾನುವಾರ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು, ಅವ್ವನನ್ನೂ ಕರೆದುಕೊಂಡು ಹೊರಟೆ.

ಹೋಗಿ ನೋಡಿದರೆ ಕಾಡು ಹೌಸ್‌ಫುಲ್. ಒಂದೊಂದು ಗಿಡದ ಬುಡಕ್ಕೂ ಒಂದೊಂದು ಗಾಡಿ. ಹುಣಸೆಯ ದಟ್ಟ ನೆರಳು ದೊಡ್ಡ ಕಾರುಗಳಿಗೆ, ಬೇವಿನದು ಸಣ್ಣ ಕಾರುಗಳಿಗೆ, ಜಾಲಿಯ ತೂತು ನೆರಳು ಬೈಕುಗಳಿಗೆ. ಮಾಲೀಕರು ಮಾತ್ರ ಉರಿಬಿಸಿಲಲ್ಲಿ ತಲೆಗೆ ಟಾವೆಲ್ ಹೊದ್ದು ದಂಡೆಯ ಮೇಲೆ ನಿಸರ್ಗ ಸವಿಯುತ್ತಿದ್ದರು.

"ಅಣ್ಣಾರ, ಗಾಡಿ ಒಂಚೂರು ಸರಸ್ತೀರೇನ್ರಿ? ನಮ್ಮವ್ವಗ ವಯಸ್ಸಾಗೇತಿ, ಕುಂದ್ರತಾಳ" ಎಂದೆ ಒಬ್ಬರಿಗೆ.

"ಬಿಸಿಲಿಗೆ ನಿಂದ್ರಿಸಿದ್ರ ಸೀಟ್ ಕಾಯ್ತಾವಲ್ರೀ."

ಅವ್ವ ಕುಳಿತ ಕಲ್ಲೂ ಕಾದಿತ್ತು. ಆದರೆ ಕಲ್ಲಿಗೆ ಕಂತು ಕಟ್ಟುವವರು ಯಾರು?

ಜನರಿಗೆ ನೆರಳಿಲ್ಲ ಎಂಬ ದೂರು ಮೇಲಿನವರಿಗೂ ಮುಟ್ಟಿದೆಯಂತೆ. ತಗಡಿನ ಶೆಡ್ ಬರುತ್ತದೆಂದು ಚುರಮುರಿ ಮಾರುವವ ಹೇಳಿದ. ಅದಕ್ಕೆ ಎರಡು ಬೇವಿನ ಗಿಡ ಅಡ್ಡ ಇವೆಯಂತೆ, ತೆಗೆಯುತ್ತಾರಂತೆ. "ಚಲೋನ ಆತು ಬಿಡ್ರಿ, ತಗಡು ಎಲಿ ಉದ್ರಸೂದಿಲ್ಲ" ಎಂದ. ಸುದ್ದಿ ಅವನದು, ಖಾತರಿ ನನ್ನದಲ್ಲ. ಆದರೆ ಇಂಥದ್ದು ಸುಳ್ಳಾಗಿದ್ದನ್ನು ನಾನಂತೂ ಕಂಡಿಲ್ಲ.

ಪಕ್ಕದಲ್ಲೇ ಸಿಮೆಂಟಿನ ಪೆಂಗ್ವಿನ್ ಬಾಯಿ ತೆರೆದು ನಿಂತಿತ್ತು, ಕಸ ನುಂಗಲು. ನನ್ನ ಮಗಳು "ಪಾಪ, ನೀರಡಿಸೇತಿ" ಎಂದು ಅರ್ಧ ಬಾಟಲಿ ನೀರು ಅದರ ಬಾಯಿಗೆ ಸುರಿದಳು. ಇಡೀ ಕಾಡಿನಲ್ಲಿ ಬಿಸಿಲನ್ನು ಸರಿಯಾಗಿ ಅರ್ಥ ಮಾಡಿಕೊಂಡವಳು ಅವಳೊಬ್ಬಳೇ. ಖಾಲಿ ತಟ್ಟೆಗಳೆಲ್ಲ ಪೆಂಗ್ವಿನ್‌ನ ಕಾಲ ಬಳಿ ಬಿದ್ದಿದ್ದವು, ನೈವೇದ್ಯದಂತೆ.

1651ರಲ್ಲಿ ಇಲ್ಲಿನ ಸುಲ್ತಾನ ಮುಹಮ್ಮದ್ ಆದಿಲ್‌ಶಾಹ ಬೇಗಂ ತಲಾಬ್ ಎಂಬ ಇನ್ನೊಂದು ಕೆರೆ ಕಟ್ಟಿಸಿ, ನೆಲದೊಳಗಿನ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ತಂದ. ಪಾಪ, ಪಾರ್ಕಿಂಗ್ ಬಗ್ಗೆ ಯೋಚಿಸಲೇ ಇಲ್ಲ.

ಹೊತ್ತು ವಾಲಿತು, ನೆರಳು ಸರಿಯಿತು. ಗಾಡಿಯವರು ಎದ್ದುಬಿದ್ದು ಓಡಿಬಂದು ಗಾಡಿಯನ್ನು ನೆರಳಿನ ಹಿಂದೆಯೇ ಸರಿಸಿದರು. ಅವ್ವನಿಗೆ ತಡೆಯಲಾಗಲಿಲ್ಲ. "ಏ ತಮ್ಮಾ, ಗಿಡದ ಬುಡಕ ಬ್ಯಾಡ, ನಿನ್ನ ಗಾಡ್ಯಾಗರ ಕುಂದ್ರಲೇನಪಾ?"

ಮನುಷ್ಯ ಒಳ್ಳೆಯವನೇ. ಬಾಗಿಲು ತೆರೆದ, ಎಸಿ ಹಚ್ಚಿದ. ಅವ್ವ ಹಿಂದಿನ ಸೀಟಿನಲ್ಲಿ ಕುಳಿತು ರೊಟ್ಟಿ ಬಿಚ್ಚಿ, ಕೆರೆಯ ಗಾಳಿಗೆಂದು ಗ್ಲಾಸಿನ ಗುಂಡಿ ಹುಡುಕತೊಡಗಿದಳು.

"ಗ್ಲಾಸ್ ಇಳಸಬ್ಯಾಡ್ರಿ ಆಯಿ" ಎಂದ, "ಹೊರಗಿನ ಧೂಳ ಒಳಗ ಬರ್ತೈತಿ."