ತೋಟದ ಮನೆಯಲ್ಲಿ ತೋಟಾದ ಕನಸು

ಮಳೆಗಾಲದ ಮಧ್ಯಾಹ್ನ ಜಗುಲಿಯಲ್ಲಿ ಕುಳಿತವರು ಇಸ್ಪೀಟು ಹಾಕುವುದುಂಟು, ಪಂಚಾಂಗ ತಿರುವುವುದುಂಟು. ನನ್ನ ಸೋದರಳಿಯ ಮಾತ್ರ ಕೋವಿಗೆ ತುಂಬುವ, ಇನ್ನೂ ಹುಟ್ಟದ ತೋಟಾಗಳ ಜಾತಕ ಬರೆಯುತ್ತಾನೆ. ಬೆಂಗಳೂರಿನ ಕಂಪನಿಯ ಕೆಲಸವನ್ನು ಶಿರಸಿ ಸೀಮೆಯ ನಮ್ಮ ತೋಟದ ಮನೆಯಿಂದಲೇ ಮಾಡುವ ಈ ಹುಡುಗ ಇಂದಿನವರೆಗೆ ಒಂದು ಈಡನ್ನೂ ಹಾರಿಸಿದವನಲ್ಲ. ಆದರೂ ಯಾವ ಗುಂಡಿಗೆ ಯಾವ ನಳಿಗೆ ಹೊಂದುತ್ತದೆ, ಯಾವ ಎರಡು ಅಳತೆಗಳ ನಡುವೆ ಮೂರನೆಯದಕ್ಕೆ ಜಾಗವಿದೆ ಎಂಬುದನ್ನು ಅವನು ಹೇಳುವಷ್ಟು ಖಚಿತವಾಗಿ ನಮ್ಮೂರಿನ ಪುರೋಹಿತರು ಗೋತ್ರ ಹೇಳಲಾರರು.

‘ಮಾವ, 9 ಮಿ.ಮೀ.ಗೂ .45ಕ್ಕೂ ಮಧ್ಯ ಒಂದು ಇರಕಾಗಿತ್ತು’ ಎಂದು ಅವನು ಒಮ್ಮೆ ನಿಟ್ಟುಸಿರು ಬಿಟ್ಟ. ಇವು ಪಿಸ್ತೂಲಿನ ಗುಂಡಿನ ಅಡ್ಡಳತೆಗಳು; ಚುಕ್ಕಿಯಿಂದ ಶುರುವಾಗುವುದು ಇಂಚಿನ ಲೆಕ್ಕ. ಎರಡು ದಿನ ಕಳೆದ ಮೇಲೆ ಅವನೇ ಬಂದು, ಆ ಜಾಗಕ್ಕೆ ಈಗಾಗಲೇ ಜನ ಬಂದು ಹೋಗಿದ್ದಾರೆಂಬ ಸುದ್ದಿ ಹೇಳಿದ. 1983ರಲ್ಲಿ 10 ಮಿ.ಮೀ. ತೋಟಾ ಬಂದಿತ್ತಂತೆ, ಅದರ ಒದೆತ ಕೈಗೆ ಹೆಚ್ಚಾಯಿತೆಂದು ಅದನ್ನೇ ಗಿಡ್ಡ ಮಾಡಿ 1990ರಲ್ಲಿ .40 ಎಂಬುದನ್ನು ತಂದರು. ಅಮೆರಿಕದ ಪೊಲೀಸರು ಕಾಲು ಶತಮಾನ ಅದನ್ನು ಮೆಚ್ಚಿ ಸೊಂಟಕ್ಕೆ ಕಟ್ಟಿಕೊಂಡು, ಕೊನೆಗೆ ಬಹುಮಟ್ಟಿಗೆ 1902ರ ಹಳೆಯ 9 ಮಿ.ಮೀ.ಗೇ ಮರಳಿದರು. ಇಷ್ಟಾದರೂ ಹುಡುಗ ಎದೆಗುಂದಲಿಲ್ಲ; .40ಕ್ಕೂ 9 ಮಿ.ಮೀ.ಗೂ ನಡುವೆ ಹುಡುಕಲು ಹೊರಟ. ರಾಶಿಗೂ ಬೆಟ್ಟೆಗೂ ನಡುವೆ ಇನ್ನೊಂದು ಜಾತಿಯ ಅಡಿಕೆ ಮಾಡಿ ಟೆಂಡರಿಗೆ ಇಡುತ್ತೇನೆಂದು ಹೊರಟವರನ್ನು ನಾನು ಕಂಡಿದ್ದೇನಾದ್ದರಿಂದ ನನಗೆ ಅಚ್ಚರಿಯೇನೂ ಆಗಲಿಲ್ಲ.

ಈ ಅಳತೆಗಳ ಹೆಸರುಗಳನ್ನು ನಂಬಿ ಲೆಕ್ಕ ಹಾಕುವಂತಿಲ್ಲವೆಂಬುದು ಇನ್ನೊಂದು ತಮಾಷೆ. .38 ಸ್ಪೆಷಲ್ ಎಂಬ ರಿವಾಲ್ವರ್ ತೋಟಾದ ಗುಂಡು ನಿಜಕ್ಕೂ .357 ಇಂಚಿನದು. .30-06 ಎಂಬ ರೈಫಲ್ ತೋಟಾದ ಬಾಲದಲ್ಲಿರುವ ಸೊನ್ನೆ ಆರು 1906ನೇ ಇಸವಿ. ನಮ್ಮ ಮಾಡಿನ ಕೋಣೆಯಲ್ಲಿರುವ 12 ಬೋರಿನ ಜೋಡುನಳಿಗೆಯ ಸಂಖ್ಯೆಯಂತೂ ಇಂಚೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡು ಸೀಸದಲ್ಲಿ ಒಂದೇ ಗಾತ್ರದ 12 ಗುಂಡು ಮಾಡಿದರೆ ಒಂದೊಂದೂ ಆ ನಳಿಗೆಗೆ ಸರಿಯಾಗಿ ಕೂಡುತ್ತದೆ ಎಂದು ಅದರ ಅರ್ಥ. ಆದ್ದರಿಂದ 16 ಬೋರು 12ಕ್ಕಿಂತ ಸಣ್ಣದು. ಇದನ್ನು ನನ್ನ ಹೆಂಡತಿಗೆ ವಿವರಿಸಿದಾಗ, ಕಿಲೋಗೆ ಎಷ್ಟು ತೆಂಗಿನಕಾಯಿ ಎಂದು ಕೇಳಿದ ಹಾಗಾಯಿತಲ್ಲ ಎಂದು ಅವಳು ಒಂದೇ ಮಾತಿನಲ್ಲಿ ಮುಗಿಸಿದಳು.

ಹೊಸ ಅಳತೆಗಳು ಆಸೆಯಿಂದ ಹುಟ್ಟುತ್ತವೆಯೆಂದು ಅಳಿಯ ನಂಬಿದ್ದಾನೆ. ಸರ್ಕಾರದ ಒಂದು ಹುಕುಮಿನಿಂದ ಹುಟ್ಟಿದವೂ ಕಡಿಮೆಯಿಲ್ಲವೆಂದು ನಾನು ವಾದಿಸುತ್ತೇನೆ. ಸುಮಾರು 1907ರಲ್ಲಿ ಬ್ರಿಟಿಷರು ಭಾರತಕ್ಕೆ .450 ಅಳತೆಯ ಬೇಟೆ ರೈಫಲ್ಲುಗಳನ್ನು ತರುವುದನ್ನು ತಡೆದರು. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ರೈಫಲ್ಲುಗಳಿಗೆ ಆ ಗುಂಡು ಒದಗಿ ದಂಗೆಕೋರರ ಪಾಲಾದೀತೆಂಬ ಭಯ ಅವರದು. ಆನೆ ಹೊಡೆಯುವ ದೊರೆಗಳ ಗಿರಾಕಿ ತಪ್ಪಬಾರದೆಂದು ಲಂಡನ್ನಿನ ಕೋವಿ ಮಾಡುವವರು .465, .470, .475, .476 ಎಂದು ಸಾಲು ಹೆತ್ತರು. ಸೈನ್ಯದ ಅಳತೆ ಸಾಮಾನ್ಯರ ಕೈಗೆ ಸಿಗಬಾರದೆಂಬ ಆ ನಿಯಮದ ನೆರಳು ಇಂದಿಗೂ ಉಳಿದಿದೆ: .303 ಮತ್ತು 9 ಮಿ.ಮೀ. ನಿಷಿದ್ಧ ಬೋರುಗಳಾದ್ದರಿಂದಲೇ ನಮ್ಮ ಆರ್ಡ್‌ನೆನ್ಸ್ ಕಾರ್ಖಾನೆಗಳು ನಾಗರಿಕರಿಗಾಗಿ .315 ರೈಫಲನ್ನೂ .32 ರಿವಾಲ್ವರನ್ನೂ ಮಾಡಿದವು. ಬೇಕೆಂದು ಯಾರೂ ಕನಸು ಕಾಣದ ಅಳತೆಗಳು ಹೀಗೆ ಬೀರುವಿನಲ್ಲಿ ಕುಳಿತಿವೆ. ಕನಸು ಕಂಡವು ಅಳಿಯನ ನೋಟುಬುಕ್ಕಿನಲ್ಲಿವೆ.

ಅವನ ಎರಡನೆಯ ಹಂಬಲ ಬಿಡಿಭಾಗಗಳದು. ಮೈ ಒಂದೇ ಇರಬೇಕು. ನಳಿಗೆ, ಹಿಡಿಕೆ, ಹಿಂಬದಿಯ ಮರ ಎಲ್ಲವೂ ಬೇಕೆಂದಾಗ ಬದಲಾಗಬೇಕು. ಇದು ಬರಿಯ ಹಗಲುಗನಸಲ್ಲ. 2011ರ .300 ಬ್ಲ್ಯಾಕ್‌ಔಟ್ ಎಂಬ ತೋಟಾ 5.56 ಮಿ.ಮೀ. ರೈಫಲ್ಲಿನ ಮ್ಯಾಗಜೀನಿನಲ್ಲೇ ಕೂಡುತ್ತದೆ, ನಳಿಗೆಯೊಂದನ್ನು ಬದಲಿಸಿದರಾಯಿತು. ಆದರೆ ನೆಂಟಸ್ತಿಕೆ ಅಷ್ಟು ಹತ್ತಿರವಾದದ್ದರಿಂದಲೇ, ತಪ್ಪಿ ಅದನ್ನು 5.56ರ ನಳಿಗೆಗೆ ತುಂಬಿ ಹಾರಿಸಿದರೆ ರೈಫಲ್ಲು ಸಿಡಿಯುವ ಅಪಾಯವಿದೆ. 2017ರಲ್ಲಿ ಅಮೆರಿಕದ ಸೈನ್ಯ ಆರಿಸಿಕೊಂಡ ಸಿಗ್ ಪಿ320 ಪಿಸ್ತೂಲಿನಲ್ಲಿ ಕುದುರೆಯ, ಅಂದರೆ ಟ್ರಿಗರಿನ, ಯಂತ್ರವಿರುವ ಅಂಗೈಯಗಲದ ಉಕ್ಕಿನ ಚೌಕಟ್ಟೇ ಪಿಸ್ತೂಲು. ಸಂಖ್ಯೆ ಕೊರೆದಿರುವುದು ಅದರ ಮೇಲೆ, ಉಳಿದುದೆಲ್ಲ ಅಲ್ಲಿನ ಕಾನೂನಿಗೆ ಬರಿಯ ಸಾಮಾನು. ನಮ್ಮಲ್ಲಿ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಆಯುಧವೆಂದರೆ ಅದರ ಭಾಗಗಳೂ ಸೇರಿದವು, ನಳಿಗೆಯನ್ನು ಗಿಡ್ಡ ಮಾಡಲು ಕೂಡ ಲೈಸೆನ್ಸು ಬೇಕು. ಇದನ್ನು ಕೇಳಿದ ದಿನ ಹುಡುಗ ಊಟಕ್ಕೆ ತಡವಾಗಿ ಬಂದ.

ಅವನನ್ನು ಸಮಾಧಾನಪಡಿಸಲು ನಾನು ನಮ್ಮ ಕಾರ್ಬನ್ ಫೈಬರ್ ದೋಟಿಯನ್ನು ತೋರಿಸಿದೆ. ಒಂದರೊಳಗೊಂದು ಸೇರುವ ಕೊಳವೆಗಳು. ತುದಿಗೆ ಕತ್ತಿ ಕಟ್ಟಿದರೆ ಕೊನೆ ಕೊಯ್ಲು, ನಾಜಲ್ ಕಟ್ಟಿದರೆ ಕೊಳೆರೋಗಕ್ಕೆ ಮದ್ದು. ಕೋವಿಗೂ ಮದ್ದು, ಅಡಿಕೆಗೂ ಮದ್ದು; ಈಡಿನ ಲೆಕ್ಕವನ್ನು ಯಾರಿಗೂ ಒಪ್ಪಿಸಬೇಕಿಲ್ಲ ಎಂಬುದಷ್ಟೇ ದೋಟಿಯ ಹೆಚ್ಚಳ. ಮಂಗಗಳ ವಿಷಯದಲ್ಲಿಯಂತೂ ನಮ್ಮ ಜೋಡುನಳಿಗೆಯಿಂದ ಹೊರಡುವುದು ಬಹುಪಾಲು ಸದ್ದೇ ಆದ್ದರಿಂದ, 50 ರೂಪಾಯಿಯ ಗರ್ನಾಲಿನ ಮುಂದೆ ಯಾವ ಅಳತೆಯೂ ನಿಲ್ಲುವುದಿಲ್ಲ. ಹುಡುಗ ದೋಟಿಯನ್ನು ಎರಡು ಸಲ ಬಿಚ್ಚಿ ಜೋಡಿಸಿ, ಕೀಲಿನ ಅಂಚು ಇನ್ನೂ 2 ಮಿ.ಮೀ. ಉದ್ದವಿರಬೇಕಿತ್ತೆಂದು ನೋಟುಬುಕ್ಕಿನಲ್ಲಿ ಬರೆದುಕೊಂಡ.

ಕಳೆದ ಚುನಾವಣೆಯಲ್ಲಿ ವಾಡಿಕೆಯಂತೆ ಕೋವಿಯನ್ನು ಠಾಣೆಗೆ ಒಪ್ಪಿಸಲು ಹೋದಾಗ ಅವನೂ ಬಂದಿದ್ದ. ಚೀಲದಿಂದ ನಳಿಗೆ, ಅದರ ಕೆಳಗಿನ ಮರ, ಕುದುರೆಯಿರುವ ಹಿಡಿಕೆ ಎಂದು ಮೂರು ತುಂಡು ತೆಗೆದಿಟ್ಟೆ. ರಸೀದಿ ಬರೆಯುತ್ತಿದ್ದ ಪೊಲೀಸಿನವರು ಕನ್ನಡಕ ಮೇಲೇರಿಸಿ, ‘ಇದರಲ್ಲಿ ಕೋವಿ ಯಾವುದು ಭಟ್ರೇ, ಯಾವುದರ ನಂಬರು ಬರೆಯಲಿ?’ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಳಿಯ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. ನಾವು ಮನೆ ಸೇರುವಾಗ ದೀಪ ಹಚ್ಚುವ ಹೊತ್ತಾಗಿತ್ತು.