ಹಳೆಬಟ್ಟೆ ಮೂಟೆಗೆ ಬಾಗಿಲು ಮುಚ್ಚಬೇಕಾ? ಇಂಡೊನೇಷ್ಯಾದ ಥ್ರಿಫ್ಟಿಂಗ್ ಪರ-ವಿರೋಧ

ಜಕಾರ್ತಾದ ಪಸಾರ್ ಸೆನೆನ್, ಬಾಂಡುಂಗ್‌ನ ಗೆಡೆಬಾಗೆ. ಆ ಊರುಗಳ ಕಾಲೇಜು ಹುಡುಗ ಹುಡುಗಿಯರಿಗೆ ಈ ಎರಡು ಮಾರುಕಟ್ಟೆ ಚೆನ್ನಾಗಿ ಗೊತ್ತು. ಜಪಾನ್, ಕೊರಿಯಾ ಕಡೆ ಯಾರೋ ತೊಟ್ಟು ಬಿಟ್ಟ ಜಾಕೆಟ್ಟು, ಜೀನ್ಸು ಅಲ್ಲಿ ಗುಡ್ಡೆ ಗುಡ್ಡೆ ಬಿದ್ದಿರುತ್ತವೆ. ಕೈಹಾಕಿ ಹುಡುಕಿ, ಬೇಕಾದ್ದು ಸಿಕ್ಕರೆ ಹಬ್ಬ. ಇದಕ್ಕೆ ಥ್ರಿಫ್ಟಿಂಗ್ ಅಂತ ಹೆಸರು. ತಮಾಷೆ ಏನಂದ್ರೆ, ಬಳಸಿದ ಬಟ್ಟೆಯ ಆಮದನ್ನು ಸರ್ಕಾರ 2015ರಲ್ಲೇ ನಿಷೇಧಿಸಿದೆ. ಈ ನಿಷೇಧ ಸರಿಯಾ?

ಪರ: ಬಿಗಿ ಮಾಡಲೇಬೇಕು

ಮೂಟೆಯೊಳಗೆ ಏನಿರುತ್ತದೆ ಅನ್ನುವುದನ್ನು ಮೊದಲು ನೋಡೋಣ. ಒಂದೊಂದು ಮೂಟೆ 100 ಕಿಲೋ ಆಸುಪಾಸು. ಮಷೀನಿನಲ್ಲಿ ಒತ್ತಿ, ಪಟ್ಟಿ ಬಿಗಿದು ಕಳಿಸಿರುತ್ತಾರೆ. ವ್ಯಾಪಾರಿ ಒಳಗೆ ಇಣುಕದೆಯೇ ದುಡ್ಡು ಎಣಿಸಬೇಕು. ಬಿಚ್ಚಿದಾಗ ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತದೆ. ಒಳ್ಳೆ ಬ್ರ್ಯಾಂಡಿನ ಪೀಸುಗಳನ್ನು ಮೊದಲು ಆರಿಸಿ ಪಕ್ಕಕ್ಕಿಡುತ್ತಾರೆ. ಸಾಧಾರಣದ್ದು ಅಗ್ಗದ ಗುಡ್ಡೆಗೆ. ಹರಿದದ್ದು, ಕಲೆಯಾದದ್ದು? ನೇರ ತಿಪ್ಪೆಗೆ. ಜಕಾರ್ತಾದ ದಿನದ 7,000 ಟನ್‌ಗೂ ಹೆಚ್ಚು ಕಸ ಹೋಗಿ ಬೀಳುವ ಬಂತಾರ್ ಗೆಬಾಂಗ್‌ನಲ್ಲಿ ಈಗಾಗಲೇ ಬೆಟ್ಟ ಎದ್ದಿದೆ. ಉಳ್ಳವರ ದೇಶದ ಕಸ ತಂದು ಇದಕ್ಕೆ ಪರಿಸರ ಕಾಳಜಿ ಅಂತ ಹೆಸರಿಡುವುದು ಸ್ವಲ್ಪ ಜಾಸ್ತಿಯೇ ಆಯ್ತು.

2015ರಲ್ಲಿ ವಾಣಿಜ್ಯ ಸಚಿವಾಲಯ ಸೆನೆನ್‌ನ ಬಟ್ಟೆ ಪರೀಕ್ಷೆ ಮಾಡಿಸಿದಾಗ ಬೂಷ್ಟು, ಬ್ಯಾಕ್ಟೀರಿಯಾ ಸಿಕ್ಕಿದ್ದವು. ಬಿಸಿನೀರಲ್ಲಿ ಒಗೆದರಾಯ್ತು ಅನ್ನುತ್ತೀರಾ? ಇರಲಿ, ಅದನ್ನು ಬಿಟ್ಟುಬಿಡುತ್ತೇನೆ.

ನನ್ನ ತಕರಾರು ಬೇರೆ. ಬಾಂಡುಂಗ್‌ನ ಹುಡುಗರು 1990ರ ದಶಕದ ಕೊನೆಗೆ ‘ಡಿಸ್ಟ್ರೋ’ ಅನ್ನುವ ಪುಟ್ಟ ಅಂಗಡಿಗಳನ್ನು ಶುರುಮಾಡಿದರು. ಬ್ಯಾಂಡು ಕಟ್ಟಿದವರು, ಸ್ಕೇಟ್‌ಬೋರ್ಡ್ ಹುಚ್ಚಿನವರು ತಾವೇ ಡಿಸೈನ್ ಮಾಡಿದ ಟೀಶರ್ಟನ್ನು ಸ್ವಲ್ಪ ಸ್ವಲ್ಪವೇ ಹೊಲಿಸಿ ಮಾರಿದರು. ಆ ಊರಿನ ‘ಕಂಪಾಸ್’ ಬ್ರ್ಯಾಂಡಿನ ಶೂ ಕೊಳ್ಳಲು ಮುಂದೆ ಹುಡುಗರು ಸಾಲು ನಿಂತರು. ದೇಶಿ ಬಟ್ಟೆ ತೊಡುವುದೇ ಸ್ಟೈಲು ಅನ್ನುವ ಹವಾ ಎದ್ದಿದ್ದು ಹಾಗೆ. ಸೆನೆನ್‌ನಲ್ಲಿ 35,000 ರುಪಿಯಾಕ್ಕೆ, ಅಂದ್ರೆ ನಮ್ಮ 200 ರೂಪಾಯಿ ಆಸುಪಾಸಿಗೆ, ಅಂಗಿ ಸಿಗುತ್ತದೆ. ಟೈಲರ್ ಕೂಲಿ, ಅಂಗಡಿ ಬಾಡಿಗೆ, ತೆರಿಗೆ ಎಲ್ಲ ಕೊಡುವವನು ಆ ರೇಟಿಗೆ ಎಲ್ಲಿಂದ ಕೊಟ್ಟಾನು? ಕಳ್ಳದಾರಿಯಲ್ಲಿ ಬಂದ ಮೂಟೆ ಸುಂಕ ಕಟ್ಟಿ ಬಂದಿರುವುದಿಲ್ಲ. 2023ರ ಮಾರ್ಚ್‌ನಲ್ಲಿ ಆಗಿನ ಅಧ್ಯಕ್ಷ ಜೋಕೊವಿ, ಇದು ದೇಶದ ಜವಳಿ ಉದ್ಯಮಕ್ಕೆ ಪೆಟ್ಟು ಅಂದರು. ಅದೇ ತಿಂಗಳು ಸುಮಾತ್ರಾದ ಪೆಕನ್‌ಬಾರುವಿನಲ್ಲಿ ಸರ್ಕಾರದವರು 730 ಮೂಟೆ ಸುಟ್ಟರು. ಸರಿಯಾಗಿಯೇ ಮಾಡಿದರು.

ವಿರೋಧ: ಸುಟ್ಟಿದ್ದಾಯ್ತು, ಆಮೇಲೆ?

ಆಮೇಲೆ ಏನಾಯ್ತು ಅಂದ್ರೆ, ಮೂಟೆ ಬರುತ್ತಲೇ ಇದೆ. 2025ರಲ್ಲಿ ಹೊಸದಾಗಿ ಬಂದ ಹಣಕಾಸು ಸಚಿವ ಪುರ್ಬಾಯಾ, ಆಮದು ಮಾಡುವವರಿಗೆ ದಂಡ ಹಾಕುತ್ತೇನೆ, ಕಪ್ಪುಪಟ್ಟಿಗೆ ಸೇರಿಸುತ್ತೇನೆ ಅಂತ ಗುಡುಗಿದರು. ಹತ್ತು ವರ್ಷದ ನಿಷೇಧ ಕೆಲಸ ಮಾಡಿದ್ದರೆ ಆ ಗುಡುಗು ಯಾಕೆ ಬೇಕಿತ್ತು? 17,000ಕ್ಕೂ ಹೆಚ್ಚು ದ್ವೀಪಗಳಿರುವ ದೇಶ ಅದು. ಉತ್ತರ ಸುಮಾತ್ರಾದ ತಂಜುಂಗ್‌ಬಲಾಯ್‌ಗೆ ಎದುರುದಡವೇ ಮಲೇಷ್ಯಾ. ಸಣ್ಣ ದೋಣಿಗೆ ದಾರಿ ನೂರು.

ಹಳೆಬಟ್ಟೆ ವ್ಯಾಪಾರ ಇನ್‌ಸ್ಟಾಗ್ರಾಮ್ ಹುಡುಗರು ಹುಟ್ಟಿಸಿದ್ದೂ ಅಲ್ಲ. ಮೆದಾನ್‌ನಲ್ಲಿ ಮೊಂಜಾ, ಮಕಸ್ಸಾರ್‌ನಲ್ಲಿ ಚಕಾರ್, ಯೋಗ್ಯಕರ್ತಾದಲ್ಲಿ ಅವುಲ್-ಅವುಲ್ ಅಂತ ಊರಿಗೊಂದು ಹೆಸರಿಟ್ಟುಕೊಂಡು ಇದು ಎಷ್ಟೋ ಕಾಲದಿಂದ ನಡೆಯುತ್ತಿದೆ. ಬಡವರು ತೊಡುತ್ತಿದ್ದಾಗ ಇಷ್ಟು ಗದ್ದಲ ಇರಲಿಲ್ಲ. ಕಾಫಿ ಶಾಪ್ ಹುಡುಗರು ತೊಟ್ಟರು ನೋಡಿ, ದೇಶದ ಉದ್ಯಮವೇ ಮುಳುಗಿತು!

ಉದ್ಯಮ ಮುಳುಗಿದ್ದು ಸುಳ್ಳಲ್ಲ. ಸೋಲೊ ಹತ್ತಿರದ ಸುಕೊಹಾರ್ಜೊದ ಸ್ರಿಟೆಕ್ಸ್ 1966ರಿಂದ ನಡೆದ ದೈತ್ಯ ಕಂಪನಿ. ಬೇರೆ ದೇಶದ ಸೈನ್ಯಗಳಿಗೂ ಸಮವಸ್ತ್ರ ಹೊಲಿದುಕೊಟ್ಟಿದ್ದು. 2024ರ ಅಕ್ಟೋಬರ್‌ನಲ್ಲಿ ದಿವಾಳಿ ಅಂತ ಕೋರ್ಟು ಹೇಳಿತು. 2025ರ ಮಾರ್ಚ್ 1ಕ್ಕೆ ಬಾಗಿಲು ಮುಚ್ಚಿತು. ಹತ್ತು ಸಾವಿರದಷ್ಟು ಜನ ಕೆಲಸ ಕಳೆದುಕೊಂಡರು. ಅದನ್ನು ಕೆಡವಿದ್ದು ಹಳೇ ಜಾಕೆಟ್ಟಾ? ಅಲ್ಲ, ಬೆಟ್ಟದಂಥ ಸಾಲ, ಜೊತೆಗೆ ಚೀನಾದ ಅಗ್ಗದ ಹೊಸ ಬಟ್ಟೆಯ ಹೊಡೆತ. ಆ ಹೊಸ ಬಟ್ಟೆ ಬಂದರಿನಲ್ಲಿ ರಾಜಾರೋಷವಾಗಿ ಇಳಿಯುತ್ತದೆ. 2023ರ ಅಕ್ಟೋಬರ್‌ನಲ್ಲಿ ಸರ್ಕಾರ ಟಿಕ್‌ಟಾಕ್ ಆಪ್‌ನೊಳಗಿನ ಅಂಗಡಿ, ಟಿಕ್‌ಟಾಕ್ ಶಾಪ್ ಅನ್ನು ನಿಲ್ಲಿಸಿತು. ಡಿಸೆಂಬರ್‌ನಲ್ಲಿ ಅದು ಅಲ್ಲಿನ ಆನ್‌ಲೈನ್ ಮಾರಾಟ ಕಂಪನಿ ಟೊಕೊಪಿಡಿಯಾ ಜೊತೆ ಸೇರಿಕೊಂಡು ವಾಪಸ್ ಬಂತು. ದೊಡ್ಡವರಿಗೆ ಹೀಗೊಂದು ಹಿಂಬಾಗಿಲು ಇರುತ್ತದೆ, ಸೆನೆನ್‌ನಲ್ಲಿ ಮಳಿಗೆ ಇಟ್ಟವನಿಗೆ ಎಲ್ಲಿದೆ?

ಹಳೆಬಟ್ಟೆ ವ್ಯಾಪಾರ ಮಾಡುವವರನ್ನು ಒಮ್ಮೆ ಆನ್‌ಲೈನ್ ಲೈವ್‌ ವಿಡಿಯೋದಲ್ಲಿ ನೋಡಬೇಕು. ಚಿಕ್ಕ ರೂಮು, ಹಿಂದೆ ಹ್ಯಾಂಗರ್ ಸಾಲು. ಅಂಗಿಯನ್ನು ಕ್ಯಾಮೆರಾಗೆ ಹಿಡಿದು, ಟೇಪಿನಲ್ಲಿ ಎದೆಯಗಲ, ಉದ್ದ ತೋರಿಸುತ್ತಾರೆ. ಕಾಲರಿನಲ್ಲಿ ಕಲೆ ಇದ್ದರೆ ‘ಮಿನುಸ್’, ಅಂದ್ರೆ ಕುಂದು ಇದೆ ಅಂತ ತಾವೇ ಬೆರಳಿಟ್ಟು ಹೇಳುತ್ತಾರೆ. ಇಷ್ಟು ಪ್ರಾಮಾಣಿಕತೆ ನಮಗೆ ಹೊಸಬಟ್ಟೆ ಅಂಗಡಿಯಲ್ಲೂ ಸಿಗಲ್ಲ, ಅಲ್ವಾ? ಬಟ್ಟೆ ಒಗೆಯುವುದು, ಇಸ್ತ್ರಿ, ಪ್ಯಾಕಿಂಗ್, ಕೊರಿಯರ್ ಅಂತ ಒಂದೊಂದು ಮೂಟೆಯ ಹಿಂದೆ ಎಷ್ಟೋ ಕೈಗಳಿಗೆ ಕೆಲಸ.

ಕಸ, ಬೂಷ್ಟು ಎರಡೂ ನಿಜವಾದ ತೊಂದರೆಯೇ, ಒಪ್ಪುತ್ತೇನೆ. ಆದರೆ ಕದ್ದು ಬರುವ ಮೂಟೆಯನ್ನು ಯಾವ ಅಧಿಕಾರಿ ಬಿಚ್ಚಿ ಪರೀಕ್ಷಿಸುತ್ತಾನೆ? ಕಾನೂನಿನ ದಾರಿಯಲ್ಲೇ ಬರಲಿ. ಬಂದರಿನಲ್ಲೇ ಔಷಧಿ ಹೊಗೆ ಹಾಕಿ, ಹರಿದದ್ದಿದ್ದರೆ ವಾಪಸ್ ಕಳಿಸಿ, ಇಷ್ಟೇ ಮೂಟೆ ಅಂತ ಮಿತಿ ಹಾಕಿ, ಸುಂಕ ಕಿತ್ತುಕೊಳ್ಳಿ. ನಮ್ಮನ್ನು ಕಾನೂನಿನೊಳಗೆ ತನ್ನಿ, ತೆರಿಗೆ ಕಟ್ಟುತ್ತೇವೆ ಅಂತ ವ್ಯಾಪಾರಿಗಳೇ 2025ರಲ್ಲಿ ಸಂಸತ್ತಿನ ಮುಂದೆ ಹೋಗಿ ಕೇಳಿಕೊಂಡರು. ಪುರ್ಬಾಯಾ ಒಪ್ಪಲಿಲ್ಲ. ಸೆನೆನ್ ಮಳಿಗೆಗಳಲ್ಲಿ ದೇಶಿ ಮಾಲು ತುಂಬಿಸುತ್ತೇನೆ ಅಂದರು. ತುಂಬಿಸಲಿ. ಅದು 35,000ಕ್ಕೆ ಸಿಗುವ ಹಾಗೆ ಮಾಡಿದರೆ ಹುಡುಗರು ಗುಡ್ಡೆಗೆ ಕೈ ಹಾಕುವುದನ್ನು ತಾವಾಗಿಯೇ ಬಿಡುತ್ತಾರೆ.