ಆಟ ತಿಳಿದಂವಗ ರಾಜಕೀಯ ಬರಲಿಲ್ಲ ಅಂದ್ರ ಎಷ್ಟು ಮಾರ್ಕು?

ನಿನ್ನೆ ಸಂಜೆ ಬೆಳಗಾವಿಯ ಟಿಳಕವಾಡಿಯಲ್ಲಿ ಚಹಾ ಕುಡಿಯುತ್ತ ನಿಂತಾಗ ಗೆಳೆಯ ಮತ್ತೆ ಅದೇ ಹಳೇ ಫುಟ್‌ಬಾಲ್ ಜಗಳ ತೆಗೆದ. "ಬೆನಿಟೆಜ್‌ನಷ್ಟು ಆಟ ತಿಳಿದಂವ ಯಾರದಾರಲೇ? ಅಂವಗ ರಾಜಕೀಯ ಬರಲಿಲ್ಲ, ಅಷ್ಟ. ಅದಕ್ಕ ಮಾರ್ಕ್ಸ್ ಯಾಕ ಕಡೀತಿ?" ಇಪ್ಪತ್ತು ವರ್ಷದಿಂದ ಇದೇ ಮಾತು. ನಾನನ್ನೋದು, ಕ್ಲಬ್ಬಿನ ಮೇಲಿನವರನ್ನು ನಿಭಾಯಿಸುವುದೂ ಕೋಚ್ ಕೆಲಸವೇ, ಬರದಿದ್ದರೆ ಮಾರ್ಕು ಕಡಿಯಲೇಬೇಕು. ಅವನು ಬೆನಿಟೆಜ್ ಕೋಚ್ ಆಗಿದ್ದ ಲಿವರ್‌ಪೂಲ್‌ನ ಅಭಿಮಾನಿ, ಹಂಗಾಗಿ ಅರ್ಧ ಮಾತು ಬಿಟ್ಟುಬಿಡಬೇಕು. ಉಳಿದರ್ಧಕ್ಕೆ ಉತ್ತರ ಇಲ್ಲಿ ಬರೀತಿದ್ದೇನೆ, ಯಾಕಂದರೆ ಅಲ್ಲಿ ಅವನು ನನಗೆ ಮಾತಾಡಲಿಕ್ಕೇ ಬಿಡಲಿಲ್ಲ.

2005ರ ಚಾಂಪಿಯನ್ಸ್ ಲೀಗ್ ಫೈನಲ್, ಲಿವರ್‌ಪೂಲ್ ಮತ್ತು ಮಿಲಾನ್ ನಡುವಿನದು, ನಾವಿಬ್ಬರೂ ಕೂಡಿಯೇ ನೋಡಿದ್ದು. ಇಸ್ತಾಂಬುಲ್‌ನಲ್ಲಿ ಆಟ ಶುರುವಾದಾಗ ಇಲ್ಲಿ ನಡುರಾತ್ರಿ ದಾಟಿತ್ತು. ಮೊದಲರ್ಧ ಮುಗಿಯುವಷ್ಟರಲ್ಲಿ ಮಿಲಾನ್ 3–0. ಟಿವಿ ಮುಂದೆ ಕೂತಿದ್ದ ಆರು ಮಂದಿಯಲ್ಲಿ ಮೂವರು ಚಪ್ಪಲಿ ಮೆಟ್ಟಿಕೊಂಡು ಹೋಗೇಬಿಟ್ಟರು. ಆಮೇಲೆ ಬೆನಿಟೆಜ್ ಪೆಟ್ಟಾಗಿದ್ದ ಫಿನನ್‌ನನ್ನು ಹೊರಗೆ ಕೂರಿಸಿ ಹಾಮನ್‌ನನ್ನು ಇಳಿಸಿದರು. ಹಿಂದೆ ಮೂರೇ ಜನ ನಿಂತರು, ಮಿಲಾನ್‌ನ ಕಾಕಾನಿಗೆ ಅಡ್ಡ ಒಬ್ಬ ಸಿಕ್ಕ, ಲಿವರ್‌ಪೂಲ್ ನಾಯಕ ಜೆರಾರ್ಡ್‌ಗೆ ಮುಂದೆ ನುಗ್ಗಲು ದಾರಿಯಾಯಿತು. ಆರು ನಿಮಿಷದಲ್ಲಿ ಮೂರು ಗೋಲು, ಕೊನೆಗೆ ಪೆನಾಲ್ಟಿಯಲ್ಲಿ ಕಪ್. ಇಷ್ಟು ಮಾಡಿದ ಮನುಷ್ಯನಿಗೆ ಆಟ ತಿಳಿಯೋದಿಲ್ಲ ಅಂತ ನಾನೆಂದೂ ಅಂದಿಲ್ಲ. ಅವತ್ತು ಸೋತು ಎದುರಿನ ಬೆಂಚಿನಲ್ಲಿ ಕೂತಿದ್ದವರು ಮಿಲಾನ್ ಕೋಚ್ ಕಾರ್ಲೊ ಆಂಚೆಲೊಟ್ಟಿ. ನನ್ನ ವಾದಕ್ಕೆ ಇವರಿಬ್ಬರೇ ಸಾಕು, ಯಾಕಂದರೆ ಮುಂದೆ ಇಬ್ಬರೂ ಒಬ್ಬರಾದ ಮೇಲೊಬ್ಬರು ಒಂದೇ ಕುರ್ಚಿಯಲ್ಲಿ ಕೂತರು.

ಆ ಕುರ್ಚಿ ರಿಯಲ್ ಮ್ಯಾಡ್ರಿಡ್‌ದು. ಆ ಕ್ಲಬ್ ಯಾವ ಶೇಠನ ಆಸ್ತಿಯೂ ಅಲ್ಲ, ಸದಸ್ಯರದು. ಅಧ್ಯಕ್ಷನಾಗಬೇಕಾದರೆ ಆ ಸದಸ್ಯರ ಮುಂದೆ ಚುನಾವಣೆಗೆ ನಿಲ್ಲಬೇಕು. ಸಕ್ಕರೆ ಕಾರ್ಖಾನೆ, ಪಿಕೆಪಿಎಸ್ (ಊರಿನ ಕೃಷಿ ಸಹಕಾರಿ ಸಂಘ) ಎಲೆಕ್ಷನ್ ನೋಡುತ್ತ ಬೆಳೆದ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಧ್ಯಕ್ಷ ಫ್ಲೊರೆಂಟಿನೊ ಪೆರೆಜ್‌ಗೆ ದೊಡ್ಡ ಹೆಸರಿನ ಆಟಗಾರರು ಬೇಕು. ಅಷ್ಟು ರೊಕ್ಕ ಸುರಿದು ತಂದವನನ್ನು ಬೆಂಚಿನ ಮೇಲೆ ಕೂರಿಸುವ ಧೈರ್ಯ ಯಾವ ಕೋಚ್‌ಗೆ ಇರ್ತದ?

2013ರಲ್ಲಿ ಗರೆತ್ ಬೇಲ್ ಬಂದ. ಬಲಗಡೆ ಆಡುತ್ತಿದ್ದ ಡಿ ಮರಿಯಾನ ಜಾಗ ಹೋಯಿತು. ಆಗ ಕೋಚ್ ಆಗಿದ್ದ ಆಂಚೆಲೊಟ್ಟಿ ಬೇಲ್ ಬೇಡ ಅಂತ ಹಠ ಹಿಡಿಯಲಿಲ್ಲ, ಡಿ ಮರಿಯಾನನ್ನು ಮೂಲೆಗೂ ತಳ್ಳಲಿಲ್ಲ. ಮಿಡ್‌ಫೀಲ್ಡ್‌ನ ಎಡಕ್ಕೆ ತಂದು ನಿಲ್ಲಿಸಿದರು. 2014ರ ಲಿಸ್ಬನ್‌ನ ಚಾಂಪಿಯನ್ಸ್ ಲೀಗ್ ಫೈನಲ್ ನೆನಪಿದೆಯಲ್ಲ? ಹೆಚ್ಚುವರಿ ಸಮಯದಲ್ಲಿ ಡಿ ಮರಿಯಾ ಎಡದಿಂದ ಒಳನುಗ್ಗಿ ಹೊಡೆದ ಚೆಂಡು ಗೋಲ್‌ಕೀಪರ್ ಕಾಲಿಗೆ ತಾಗಿ ಮೇಲೆದ್ದಾಗ, ಓಡಿ ಬಂದು ತಲೆ ಕೊಟ್ಟವನು ಬೇಲ್. ಜಾಗ ಕಸಿದವನು, ಕಳಕೊಂಡವನು, ಇಬ್ಬರೂ ಒಂದೇ ಗೋಲಿನಲ್ಲಿ. ಇದನ್ನು ರಾಜಕೀಯ ಅನ್ನಬೇಕೋ ತಂತ್ರ ಅನ್ನಬೇಕೋ? ನನಗಂತೂ ನಡುವೆ ಗೆರೆ ಕಾಣಿಸುವುದಿಲ್ಲ.

ಆಂಚೆಲೊಟ್ಟಿಗೆ ಇದು ಹುಟ್ಟಿನಿಂದ ಬಂದದ್ದೂ ಅಲ್ಲ. 1997ರಲ್ಲಿ ಇಟಲಿಯ ಪಾರ್ಮಾ ಕ್ಲಬ್ಬಿನ ಕೋಚ್ ಆಗಿದ್ದಾಗ ಸ್ಟಾರ್ ಆಟಗಾರ ರೊಬೆರ್ಟೊ ಬಾಜ್ಜೊ ಸಿಗುವ ಹಾಗಿತ್ತು. ತನ್ನ 4–4–2ರಲ್ಲಿ (ಹಿಂದೆ ನಾಲ್ವರು, ನಡುವೆ ನಾಲ್ವರು, ಮುಂದೆ ಇಬ್ಬರು) ಅವನಿಗೆ ಜಾಗವಿಲ್ಲ ಅಂತ ಬೇಡ ಅಂದುಬಿಟ್ಟರು. ಬಾಜ್ಜೊ ಬೊಲೊನ್ಯಾಕ್ಕೆ ಹೋಗಿ ಆ ವರ್ಷ ಲೀಗ್‌ನಲ್ಲಿ 22 ಗೋಲು ಹೊಡೆದ. ಅದು ತಪ್ಪಾಯಿತು ಅಂತ ಆಂಚೆಲೊಟ್ಟಿಯೇ ಆಮೇಲೆ ಒಪ್ಪಿಕೊಂಡಿದ್ದಾರೆ. ಮುಂದೆ ಮಿಲಾನ್‌ನಲ್ಲಿ ಪಿರ್ಲೊನನ್ನು ಹಿಂದಕ್ಕೆ ಎಳೆದು, ರುಯಿ ಕೋಸ್ಟಾ, ಸೀಡಾರ್ಫ್ ಎಲ್ಲರಿಗೂ ಒಂದೊಂದು ಜಾಗ ಮಾಡಿಕೊಟ್ಟು 2003ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದರು.

2015ರ ಮೇ ತಿಂಗಳಲ್ಲಿ ಇದೇ ಆಂಚೆಲೊಟ್ಟಿಯನ್ನೂ ಮ್ಯಾಡ್ರಿಡ್ ಮನೆಗೆ ಕಳಿಸಿತು ಅನ್ನಿ. ಜಾಗಕ್ಕೆ ಬಂದವರು ಬೆನಿಟೆಜ್. ನವೆಂಬರ್ 21ಕ್ಕೆ ತಮ್ಮದೇ ಮೈದಾನದಲ್ಲಿ ಬಾರ್ಸಿಲೋನಾ ವಿರುದ್ಧ ಆಟ. ಜೀವನವಿಡೀ ಹಿಂದಿನ ಬಾಗಿಲು ಮೊದಲು ಮುಚ್ಚು ಅಂತ ಕಲಿಸಿದ ಮನುಷ್ಯ, ಅವತ್ತು ಡಿಫೆನ್ಸ್ ಮುಂದೆ ಕಾವಲು ನಿಲ್ಲುವ ಕಸೆಮಿರೊನನ್ನು ಬೆಂಚಿನಲ್ಲಿ ಬಿಟ್ಟು ದೊಡ್ಡ ಹೆಸರುಗಳನ್ನೆಲ್ಲ ಒಟ್ಟಿಗೆ ಇಳಿಸಿದರು. 0–4. ಜನವರಿ 4ಕ್ಕೆ ಕೆಲಸ ಹೋಯಿತು. ಹಿಂದೆ ಆಂಚೆಲೊಟ್ಟಿಯ ಸಹಾಯಕನಾಗಿದ್ದ ಜಿದಾನ್ ಬಂದರು, ಕಸೆಮಿರೊನನ್ನು ನಟ್ಟನಡುವೆ ನಿಲ್ಲಿಸಿದರು, ಮೇ ತಿಂಗಳಲ್ಲಿ ಕಪ್ ಎತ್ತಿದರು.

ಗೆಳೆಯ ಅನ್ನೋದು, ಅವತ್ತಿನ ಹನ್ನೊಂದು ಮಂದಿ ಬೆನಿಟೆಜ್ ಆರಿಸಿದ್ದಲ್ಲ, ಮೇಲಿನವರ ಮನಸ್ಸು ನೋಡಿ ಬರೆದದ್ದು. ಇರಬಹುದು. ಹಂಗಿದ್ದರೆ ನನ್ನ ಪ್ರಕಾರ ಅದು ಇನ್ನೂ ಕೆಟ್ಟದ್ದು. ಒತ್ತಡ ಆಂಚೆಲೊಟ್ಟಿಗೂ ಇತ್ತು. ಅವರ ಕೈಯಲ್ಲಿ ಅದು ಹೊಸ ಫಾರ್ಮೇಶನ್ ಆಯಿತು, ಇವರ ಕೈಯಲ್ಲಿ ತಮಗೇ ನಂಬಿಕೆ ಇಲ್ಲದ ಫಾರ್ಮೇಶನ್ ಆಯಿತು.

ಇದನ್ನು ನಾನು ಕಲಿತದ್ದು ಟಿವಿ ನೋಡಿ ಅಲ್ಲ. ನಮ್ಮ ಗಲ್ಲಿಯ ತಂಡದಲ್ಲಿ ಲೆಫ್ಟ್ ಬ್ಯಾಕ್ ಆಡುತ್ತಿದ್ದೆ. ನಮ್ಮ ಕೋಚ್ ಸರ್ ಮಿಲಿಟರಿಯಿಂದ ರಿಟೈರ್ ಆದವರು. ಚಹಾದಂಗಡಿಯ ಗ್ಲಾಸುಗಳನ್ನೇ ಟೇಬಲ್ ಮೇಲೆ ಜೋಡಿಸಿ ಆಫ್‌ಸೈಡ್ ಬಲೆ, ಅಂದರೆ ಹಿಂದಿನವರೆಲ್ಲ ಒಂದೇ ಗೆರೆಯಲ್ಲಿ ಮುಂದೆ ಸರಿದು ಎದುರಾಳಿಯನ್ನು ಆಫ್‌ಸೈಡ್‌ಗೆ ಸಿಕ್ಕಿಸೋದು, ಹೇಗೆ ಹಾಕಬೇಕು ಅಂತ ತೋರಿಸೋರು. ಅಂಗಡಿಯವ ಗ್ಲಾಸ್ ಕೇಳಿದರೆ, "ತಡಿಯೋ, ಡಿಫೆನ್ಸ್ ಮುರಿಬ್ಯಾಡ" ಅನ್ನೋರು. ಜೂನ್ ತಿಂಗಳ ಮಳೆಯಲ್ಲಿ ಮೊಣಕಾಲುವರೆಗೆ ಕೆಂಪು ರಾಡಿ, ಅದರಲ್ಲೂ ನಾವು ನಾಲ್ವರು ಒಂದೇ ಗೆರೆಯಲ್ಲಿ ಓಡ್ತಿದ್ದೆವು. ಅಷ್ಟು ಪಾಠ ಅವರಾದ ಮೇಲೆ ನನಗೆ ಯಾರೂ ಹೇಳಿಕೊಟ್ಟಿಲ್ಲ.

ಗೋವಾದ ಒಂದು ಟೂರ್ನಮೆಂಟಿಗೆ ಹೊರಟೆವು. ಜೀಪಿನ ಬಾಡಿಗೆ, ಜರ್ಸಿ ಎರಡೂ ಒಬ್ಬರೇ ಕೊಟ್ಟದ್ದು. ಅವರ ಅಳಿಯ ಸ್ಟ್ರೈಕರ್ ಆಗಿ ಆಡಬೇಕು ಅಂತ ಕಮಿಟಿ ಹಟ ಹಿಡಿಯಿತು. ಹುಡುಗ ಅಷ್ಟೇನೂ ಕೆಟ್ಟವನಲ್ಲ, ಓಟ ಚಲೋ ಇತ್ತು, ಮುಂದೆ ಗೋಲು ಕಂಡರೆ ಮಾತ್ರ ಕಾಲು ನಡುಗೋವು. ಸರ್ ಒಂದೇ ಮಾತು ಅಂದರು: "ನಾ ಇರೂತನಕ ಅಂವಾ ಇಳಿಯಂಗಿಲ್ಲ." ಆಮೇಲೆ ಸೀಟಿಯನ್ನು ಟೇಬಲ್ ಮೇಲೆ ಇಟ್ಟು ಸೈಕಲ್ ಹತ್ತಿದರು. ನಾವೆಲ್ಲ ಅವರನ್ನು ಹೀರೋ ಅಂದುಕೊಂಡೆವು. ಮೂರು ದಿನದ ಮೇಲೆ ಗೋವಾದಲ್ಲಿ ಹಿಂದೆ ನಿಂತು ಕೂಗುವವರೇ ಇಲ್ಲದೆ ನಮ್ಮ ಗೆರೆ ಹರಿದು ನಾಲ್ಕು ಗೋಲು ತಿಂದಾಗ, ಹೀರೋ ಬೆಳಗಾವಿಯಲ್ಲಿ ಮನೆಯಲ್ಲಿದ್ದರು.

ಆ ಹುಡುಗನನ್ನು ಬಲಗಡೆ ವಿಂಗ್‌ಗೆ ಹಾಕಬಹುದಿತ್ತು. ಅಲ್ಲಿ ಓಡಿದರೆ ಸಾಕು, ಗೋಲು ಹೊಡೆಯಬೇಕಿಲ್ಲ. ಕಮಿಟಿಗೆ ಮಾನ, ನಮಗೆ ಒಬ್ಬ ಓಡುವವ. ಅಷ್ಟು ಗ್ಲಾಸು ಜೋಡಿಸುವವರಿಗೆ ಆ ಒಂದು ಗ್ಲಾಸನ್ನು ಬಲಕ್ಕೆ ಸರಿಸೋದು ಹೊಳೆಯಲಿಲ್ಲವೇ? ಹೊಳೆದಿರಲೇಬೇಕು. ಸ್ವಾಭಿಮಾನ ಬಿಡಲಿಲ್ಲ. ಅವರ ಸ್ವಾಭಿಮಾನಕ್ಕೆ ಈಗಲೂ ಕೈ ಮುಗೀತೀನಿ, ಆದರೆ ಕೋಚಿಂಗ್‌ನ ಮಾರ್ಕಿಗೆ ಅದನ್ನು ಕೂಡಿಸಲಾರೆ.

ಹಂಗಂತ ಎಲ್ಲವನ್ನೂ ಕೋಚ್ ತಲೆಗೆ ಕಟ್ಟುವವನೂ ನಾನಲ್ಲ. ಲಿವರ್‌ಪೂಲ್‌ನಲ್ಲಿ ಬೆನಿಟೆಜ್ 2008–09ರಲ್ಲಿ 86 ಅಂಕ ಗಳಿಸಿ, ಲೀಗ್‌ನಲ್ಲಿ ಎರಡೇ ಆಟ ಸೋತು ಎರಡನೇ ಸ್ಥಾನಕ್ಕೆ ನಿಂತರು. ಆಗಿನ ಮಾಲೀಕರು ಹಿಕ್ಸ್, ಜಿಲೆಟ್. ಸಾಲ ಮಾಡಿ ಕ್ಲಬ್ ಕೊಂಡು, ಆಮೇಲೆ ತಮ್ಮತಮ್ಮಲ್ಲೇ ಮುಖ ತಿರುಗಿಸಿಕೊಂಡವರು. ಬ್ಯಾಂಕಿನ ಸಾಲ ಯಾವ ಫಾರ್ಮೇಶನ್‌ನಲ್ಲಿ ತೀರ್ತದ್ರಿ? 2010ರಲ್ಲಿ ಬೆನಿಟೆಜ್ ಲಿವರ್‌ಪೂಲ್ ಬಿಡುವಾಗ ಆದದ್ದಕ್ಕೆ ಒಂದು ಮಾರ್ಕೂ ಕಡಿಯುವುದಿಲ್ಲ. ತಂಡದ ಪಟ್ಟಿ ಬರೆಯುವ ಹಾಳೆ ತನಕ ಬಂದ ರಾಜಕೀಯ ಕೋಚ್‌ದು, ಖಾತೆ ಪುಸ್ತಕದ ರಾಜಕೀಯ ಅವನದಲ್ಲ. ನನ್ನ ಲೆಕ್ಕ ಇಷ್ಟೇ.

ಇದನ್ನು ಬರೆದು ಪೋಸ್ಟ್ ಮಾಡುವ ಮೊದಲು ಗೆಳೆಯನಿಗೆ ಫೋನ್ ಮಾಡಿ ಓದಿ ಹೇಳಿದೆ. ಮ್ಯಾಡ್ರಿಡ್ ವಿಷಯಕ್ಕೆ ಹೂಂ ಅಂದ, ಪಾರ್ಮಾ ಮಾತಿಗೆ ನಕ್ಕ. ನಮ್ಮ ಸರ್ ವಿಷಯ ಬಂದಾಗ ಮಾತ್ರ ಸುಮ್ಮನಾದ. ಸ್ವಲ್ಪ ಹೊತ್ತಾದ ಮೇಲೆ, "ಅಂವನ್ನ ವಿಂಗಿಗೆ ಹಾಕಿದ್ರ ಕೂತು ನೀರು ಕುಡೀಬೇಕಾದಂವ ಯಾರು, ಹೇಳು" ಅಂದ.

ಆಗ ನಮ್ಮ ತಂಡದ ರೈಟ್ ವಿಂಗ್ ಅವನೇ. ಅದನ್ನು ನಾನು ಮರೆತೇಬಿಟ್ಟಿದ್ದೆ.